ಜೀರುಂಡೆಯ ನಾಮಾವಳಿ

ಶಾಲೆಯಲ್ಲಿ ಕನ್ನಡ ವ್ಯಾಕರಣ ಓದಿದವರಿಗೆಲ್ಲ ನಾಮಪದದ ಮೂರು ಬಗೆಗಳು ನೆನಪಿರಬೇಕು: ರೂಢನಾಮ, ಅಂಕಿತನಾಮ, ಅನ್ವರ್ಥನಾಮ. ನದಿ, ಬೆಟ್ಟ ಎಂಬಂಥವು ರೂಢ. ಹುಟ್ಟಿದ ಮಗುವಿಗೆ ಹಿರಿಯರು ತೊಟ್ಟಿಲಲ್ಲಿ ಇಟ್ಟದ್ದು ಅಂಕಿತ. ಕುಂಟ, ಜಾಣ, ವ್ಯಾಪಾರಿ ಎಂದು ರೂಪವನ್ನೋ ಗುಣವನ್ನೋ ಕಸುಬನ್ನೋ ಕಂಡು ಲೋಕವೇ ಕರೆದದ್ದು ಅನ್ವರ್ಥ. ಕೇಶಿರಾಜನ ಕಾಲದಿಂದ ನಡೆದು ಬಂದಿರುವ ಈ ವಿಂಗಡಣೆಯನ್ನು ಅನೇಕ ವರ್ಷಗಳಿಂದ ತರಗತಿಯಲ್ಲಿ ನಾನೂ ಹೇಳುತ್ತ ಬಂದಿದ್ದೇನೆ. ಹುಡುಗರು ಆಕಳಿಸುತ್ತ ಕೇಳುತ್ತ ಬಂದಿದ್ದಾರೆ. ಈ ಮೂರು ಬಗೆಯ ಹೆಸರುಗಳು ಒಂದೇ ವಸ್ತುವಿಗಾಗಿ ತಮ್ಮತಮ್ಮಲ್ಲಿ ಸೆಣಸಬಲ್ಲವು, ಆ ಸೆಣಸಾಟದಲ್ಲಿ ಸೋಲುಗೆಲುವುಗಳೂ ಉಂಟು ಎಂಬುದು ಮಾತ್ರ ನನಗೆ ವ್ಯಾಕರಣ ಗ್ರಂಥದಿಂದ ಹೊಳೆಯಲಿಲ್ಲ. ಅದನ್ನು ಕಲಿಸಿದವರು ಹಳೆಯ ಫೋಕ್ಸ್‌ವ್ಯಾಗನ್ ಕಾರುಗಳ ಅಭಿಮಾನಿಗಳು.

ಜರ್ಮನಿ, ಇಂಗ್ಲೆಂಡ್, ಅಮೆರಿಕ, ಬ್ರೆಜಿಲ್ ಮೊದಲಾದ ದೇಶಗಳಲ್ಲಿ ಈ ಕಾರುಗಳನ್ನು ಕಾಪಾಡಿಕೊಂಡು ಬರುವವರ ಸಂಘಗಳಿವೆ, ಪತ್ರಿಕೆಗಳಿವೆ, ವರ್ಷಕ್ಕೊಮ್ಮೆ ನೆರೆಯುವ ಮೇಳಗಳಿವೆ. ಅವರ ಬರಹಗಳು ಆಕಸ್ಮಿಕವಾಗಿ ನನ್ನ ಕೈಗೆ ಬಂದವು. ಯಂತ್ರದ ವಿಷಯದಲ್ಲಿ ನಾನು ಶುದ್ಧ ಪಾಮರ. ಆದರೆ ಅವರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತಿನ ಸೊಗಸು ನನ್ನನ್ನು ಹಿಡಿದು ನಿಲ್ಲಿಸಿತು. ಒಂದು ಜನಪದ ಕೃತಿಯನ್ನು ಓದುವಂತೆ ಆ ಮಾತುಗಳನ್ನು ಓದಿ, ಅವುಗಳ ಗುಣದೋಷಗಳನ್ನು ನೋಡುವುದಷ್ಟೇ ಈ ಲೇಖನದ ಉದ್ದೇಶ.

ಮೊದಲು ಅಂಕಿತನಾಮದ ಕಥೆ. ೧೯೩೮ರ ಮೇ ತಿಂಗಳಲ್ಲಿ ಕಾರ್ಖಾನೆಗೆ ಅಡಿಗಲ್ಲು ಇಡುವ ಸಮಾರಂಭದಲ್ಲಿ ಹಿಟ್ಲರ್ ಈ ಕಾರಿಗೆ 'ಕೆಡಿಎಫ್ ವಾಗನ್' ಎಂದು ಹೆಸರಿಟ್ಟನು. 'ಆನಂದದ ಮೂಲಕ ಶಕ್ತಿ' ಎಂಬ ಅರ್ಥದ ಜರ್ಮನ್ ಮಾತುಗಳ ಮೊದಲಕ್ಷರಗಳವು. ಕಾರ್ಮಿಕರ ವಿರಾಮವನ್ನೂ ತನ್ನ ಹತೋಟಿಯಲ್ಲಿ ಇರಿಸಿಕೊಳ್ಳಲು ನಾಜಿ ಆಡಳಿತ ಕಟ್ಟಿದ್ದ ಸಂಸ್ಥೆಯ ಹೆಸರು. ಕಾರ್ಖಾನೆಯ ಸುತ್ತ ಎದ್ದ ಊರಿಗೂ ಅದೇ ಹೆಸರನ್ನು ಅಂಟಿಸಲಾಯಿತು. ಕಾರಿನ ಬೆಲೆ ೯೯೦ ಮಾರ್ಕ್. ವಾರಕ್ಕೆ ೫ ಮಾರ್ಕಿನಂತೆ ಚೀಟಿ ಅಂಟಿಸುತ್ತ ಹೋದರೆ ಕಾರು ನಿಮ್ಮದು ಎಂದು ಪ್ರಚಾರ ನಡೆಯಿತು. ಸುಮಾರು ೩,೩೬,೦೦೦ ಮಂದಿ ಹಣ ಕಟ್ಟಿದರು. ಅವರಲ್ಲಿ ಒಬ್ಬರಿಗೂ ಆ ಯೋಜನೆಯಿಂದ ಕಾರು ಸಿಕ್ಕಲಿಲ್ಲ. ಯುದ್ಧ ಬಂದು ಕಾರ್ಖಾನೆ ಸೈನ್ಯದ ವಾಹನಗಳಿಗೆ ಮೀಸಲಾಯಿತು. ಹಣ ಕಟ್ಟಿದವರ ವ್ಯಾಜ್ಯ ೧೯೬೧ರವರೆಗೆ ಎಳೆಯಿತು.

೧೯೪೫ರಲ್ಲಿ ಊರಿಗೆ ವುಲ್ಫ್ಸ್‌ಬರ್ಗ್ ಎಂಬ ಹೊಸ ಹೆಸರು ಬಂದಿತು. ಬ್ರಿಟಿಷ್ ಸೈನ್ಯದ ಮೇಜರ್ ಐವನ್ ಹರ್ಸ್ಟ್ ಹಾಳುಬಿದ್ದ ಕಾರ್ಖಾನೆಯಲ್ಲಿ ಮತ್ತೆ ಕೆಲಸ ಆರಂಭಿಸಿದರು. ಆಡಳಿತದ ಕಡತಗಳಲ್ಲಿ ಕಾರಿಗೆ ಉಳಿದದ್ದು 'ಟೈಪ್ ೧' ಎಂಬ ಸಂಖ್ಯೆ, 'ಜನರ ಬಂಡಿ' ಎಂಬ ಅರ್ಥದ ಫೋಕ್ಸ್‌ವ್ಯಾಗನ್ ಎಂಬ ಪದ. ಇವೆರಡರಿಂದಲೂ ಲೋಕಕ್ಕೆ ತೃಪ್ತಿಯಾಗಲಿಲ್ಲ. ಲೋಕದ ಕಣ್ಣಿಗೆ ಮುಂದೆ ಕಾಣುತ್ತಿದ್ದದ್ದು ಬೆನ್ನು ಗುಂಡಗಿರುವ ಒಂದು ಹುಳು.

ಜೀರುಂಡೆಯ ಹೋಲಿಕೆ ಎಷ್ಟು ಸಹಜವೆಂದರೆ, ಕಾರು ಜನರ ಕೈಸೇರುವ ಮೊದಲೇ, ೧೯೩೮ರಲ್ಲಿಯೇ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಲೇಖನವೊಂದು ಅದನ್ನು ಬಳಸಿತ್ತು. ಇಂಗ್ಲಿಷಿನವರು 'ಬೀಟಲ್' ಎಂದರು. ಅಮೆರಿಕದವರು ಇನ್ನೂ ಸಲಿಗೆಯಿಂದ 'ಬಗ್' ಎಂದರು. ಜರ್ಮನರು 'ಕೇಫರ್' ಎಂದರು. ಫ್ರೆಂಚರ ಕಣ್ಣಿಗೆ ಅದು ಗುಲಗಂಜಿ ಹುಳು, 'ಕೊಕ್ಸಿನೆಲ್'. ಪೋಲೆಂಡಿನವರಿಗೆ ಗೂನುಬೆನ್ನಿನವನು, 'ಗಾರ್ಬುಸ್'. ಫಿನ್ಲೆಂಡಿನವರಿಗೆ ನೀರಿನ ಗುಳ್ಳೆ, 'ಕುಪ್ಲಾ'. ಇಂಡೋನೇಷ್ಯದವರಿಗೆ ಕಪ್ಪೆ, 'ಕೋಡೊಕ್'. ಕಾರಿನ ಆಕಾರ ಎಲ್ಲೆಡೆಯೂ ಒಂದೇ. ಆದರೆ ಪ್ರತಿಯೊಂದು ನಾಡೂ ತನ್ನ ಹಿತ್ತಿಲಲ್ಲಿ, ತನ್ನ ಕೆರೆಯ ದಂಡೆಯಲ್ಲಿ ಕಂಡದ್ದನ್ನೇ ಅದರಲ್ಲಿ ಕಂಡಿತು. ಉಪಮೆ ಹುಟ್ಟುವ ರೀತಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಯಾವ ಅಲಂಕಾರ ಗ್ರಂಥದಲ್ಲಿಯೂ ಕಂಡಿಲ್ಲ. ಅಡ್ಡಹೆಸರಿಗೆ ಎಷ್ಟು ಬಲ ಬಂದಿತೆಂದರೆ, ೧೯೬೦ರ ದಶಕದ ಕೊನೆಗೆ ಕಂಪನಿಯೇ ತನ್ನ ಜಾಹೀರಾತುಗಳಲ್ಲಿ 'ಕೇಫರ್' ಎಂದು ಬರೆಯತೊಡಗಿತು.

ಬ್ರೆಜಿಲಿನ 'ಫುಸ್ಕ', ಮೆಕ್ಸಿಕೋದ 'ವೋಚೊ', ಪಾಕಿಸ್ತಾನದ 'ಫಾಕ್ಸಿ' ಇವುಗಳ ದಾರಿ ಬೇರೆ. 'ಫೋಕ್ಸ್' ಎಂಬ ಪರಭಾಷೆಯ ಶಬ್ದ ಜನರ ನಾಲಗೆಯಲ್ಲಿ ತಿರುಗಿ ಸವೆದು ಬಂದ ರೂಪಗಳಿವು. ನಮ್ಮ ತದ್ಭವ ಪ್ರಕರಣಕ್ಕೆ ಇವು ಒಪ್ಪವಾದ ಉದಾಹರಣೆಗಳು. ಇಂದು ಬ್ರೆಜಿಲಿನ ಹುಡುಗನಿಗೆ 'ಫುಸ್ಕ' ಎಂದರೆ ಆ ಕಾರೇ ಹೊರತು ಬೇರೆ ಅರ್ಥವಿಲ್ಲ. ಅದು ರೂಢನಾಮವಾಗಿ ನಿಂತಿದೆ. ೧೯೮೦ರ ದಶಕದಲ್ಲಿ ಅಲ್ಲಿಯೂ ಕಂಪನಿ ಜನರ ಮಾತಿಗೆ ತಲೆಬಾಗಿ ಅದೇ ಹೆಸರನ್ನು ಸ್ವೀಕರಿಸಿತು.

ಈ ಹೆಸರನ್ನು ಕನ್ನಡಕ್ಕೆ ತರುವವರು 'ದುಂಬಿ' ಎಂದು ಬರೆಯುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ದುಂಬಿ ಕಾವ್ಯದ ಹೂವಿನ ಮೇಲೆ ಕುಳಿತು ಕುಳಿತು ಬಹಳ ನಾಜೂಕಾಗಿಹೋಗಿದೆ. ಹಿಂದೆ ಎಂಜಿನ್ನು ಹೊತ್ತು, ಗಟ್ಟಿ ಚಿಪ್ಪಿನೊಳಗೆ ಗೊರಗುಟ್ಟುತ್ತ ಹೋಗುವ ಈ ಪ್ರಾಣಿಗೆ 'ಜೀರುಂಡೆ' ಎಂಬುದೇ ತಕ್ಕ ಮಾತು.

ಇನ್ನು ಅಭಿಮಾನಿಗಳ ಒಳಮನೆಯ ಮಾತಿಗೆ ಬರೋಣ. ಹೊರಗಿನವರಿಗೆ ಈ ಕಾರುಗಳೆಲ್ಲ ಒಂದೇ ರೀತಿ ಕಾಣುತ್ತವೆ. ಒಳಗಿನವರು ಬೆನ್ನಿನ ಕಿಟಕಿ ನೋಡಿ ಹುಟ್ಟಿದ ಕಾಲವನ್ನು ಹೇಳುತ್ತಾರೆ. ೧೯೫೩ರ ಮಾರ್ಚಿನವರೆಗೆ ಹಿಂದಿನ ಕಿಟಕಿಗೆ ನಡುವೆ ಒಂದು ಪಟ್ಟಿಯಿದ್ದು ಎರಡು ಗಾಜುಗಳಿದ್ದವು. ಇಂಗ್ಲಿಷಿನಲ್ಲಿ ಇದು 'ಸ್ಪ್ಲಿಟ್', ಸೀಳುಗಿಟಕಿ. ಜರ್ಮನರು 'ಬ್ರೆಟ್ಸೆಲ್' ಎನ್ನುತ್ತಾರೆ. ಹಿಟ್ಟನ್ನು ಹೊಸೆದು ಗಂಟುಹಾಕಿ ಬೇಯಿಸುವ ಅವರ ತಿಂಡಿ ಅದು, ನಮ್ಮ ಕೋಡುಬಳೆಯ ದೂರದ ನೆಂಟ. ಇಂಗ್ಲಿಷ್ ಮಾತು ಅಳತೆಗಾರನದು, ಜರ್ಮನ್ ಮಾತು ಹಸಿದವನದು. ನನ್ನ ಮೆಚ್ಚುಗೆ ಹಸಿದವನ ಕಡೆಗೆ. ಆಮೇಲೆ ೧೯೫೭ರವರೆಗೆ ಮೊಟ್ಟೆಯಾಕಾರದ ಒಂದೇ ಗಾಜು, 'ಓವಲ್'. ಇವೆರಡರ ನಡುವೆ, ೧೯೫೨ರ ಅಕ್ಟೋಬರಿನಿಂದ ಕೆಲವೇ ತಿಂಗಳು, ಒಳಗೆಲ್ಲ ಹೊಸ ರೀತಿ, ಕಿಟಕಿ ಮಾತ್ರ ಹಳೆಯದು ಎಂಬಂಥ ಕಾರುಗಳು ತಯಾರಾದವು. ಅವುಗಳಿಗೆ 'ಟ್ಸ್ವಿಟರ್' ಎಂದು ಹೆಸರು. ಗಂಡೂ ಹೆಣ್ಣೂ ಒಂದರಲ್ಲೇ ಇರುವ ಜೀವಿ ಎಂದರ್ಥ. ಆ ಪದದಲ್ಲಿ ಸ್ವಲ್ಪ ಕುಹಕವಿದೆ. 'ಅರ್ಧನಾರೀಶ್ವರ' ಎಂಬ ಮಾತಿರುವ ನಾಡಿನವರು ಇದನ್ನು ಕೈಮುಗಿದೇ ಹೇಳಬಹುದಿತ್ತು.

ಅದೇ ಕಂಪನಿಯ ವ್ಯಾನಿನಲ್ಲಿಯೂ ಇದೇ ಕ್ರಮ. ಮುಂಗಾಜು ಎರಡಾಗಿದ್ದರೆ 'ಸ್ಪ್ಲಿಟ್', ೧೯೬೭ರ ತರುವಾಯ ಒಂದೇ ಉಬ್ಬುಗಾಜಾದ ಮೇಲೆ 'ಬೇ'. ಆ ಎರಡನೆಯದನ್ನು ತಮಾಷೆಗೆ 'ರೊಟ್ಟಿ' ಎಂದೂ ಕರೆಯುತ್ತಾರೆ. ಬೇಕರಿಯ ಬ್ರೆಡ್ಡನ್ನು ನೆನೆದರೆ ಸಾಕು, ವ್ಯಾನು ಕಣ್ಣಮುಂದೆ ನಿಲ್ಲುತ್ತದೆ. ೧೯೫೫ಕ್ಕೆ ಮುಂಚಿನ ವ್ಯಾನುಗಳ ಹಿಂದೆ ಎಂಜಿನ್ನಿನ ಮುಚ್ಚಳ ಬಹಳ ದೊಡ್ಡದಿತ್ತು. ಅವಕ್ಕೆ 'ಕಣಜದ ಬಾಗಿಲು' ಎಂಬರ್ಥದ 'ಬಾರ್ನ್‌ಡೋರ್' ಎಂಬ ಹೆಸರು. ಹಳೆಯ ಕಾರಿನ ಬೆನ್ನ ಮೇಲೆ ನಂಬರ್ ಪ್ಲೇಟಿಗೆ ಬೆಳಕು ಬೀಳಿಸುವ ಸಣ್ಣ ಉಬ್ಬು 'ಪೋಪರ ಮೂಗು'. ಬೇಯಿಸಿದ ಕೋಳಿಯ ಬಾಲದ ತುಣುಕಿಗೆ ಇಂಗ್ಲಿಷಿನಲ್ಲಿ ಮೊದಲೇ ಇದ್ದ ಹೆಸರದು, ಆದುದರಿಂದ ನಗೆ ಇಮ್ಮಡಿ. ೧೯೭೦ರ ದಶಕದ ದೊಡ್ಡ ದುಂಡು ಹಿಂದೀಪಗಳು 'ಆನೆಯ ಪಾದ'. ಹೀಗೆ ಹೆಸರಿಟ್ಟವರು ಯಾರೋ ತಿಳಿಯದು. ಗಾದೆಗಳಂತೆ, ಒಗಟುಗಳಂತೆ, ಕಣ್ಣು ಚುರುಕಾಗಿದ್ದವನೊಬ್ಬ ಹೇಳಿದ, ಉಳಿದವರು ಒಪ್ಪಿದರು.

ಈ ಶಬ್ದಕೋಶವೆಲ್ಲವೂ ಇಷ್ಟು ಸೊಗಸಾಗಿಲ್ಲ ಎಂಬುದನ್ನೂ ಹೇಳಬೇಕು. 'ಡಬ್ಬಲ್ ಯು' ಎಂಬ ಅಕ್ಷರವನ್ನು ಮೊಟಕುಮಾಡಿ 'ಡಬ್' ಎನ್ನುವುದು, ಎಲ್ಲಕ್ಕೂ ಮುದ್ದಿನ ಬಾಲ ಹಚ್ಚಿ 'ಸ್ಪ್ಲಿಟಿ', 'ವೆಸ್ಟಿ' ಎನ್ನುವುದು, ಇವು ಕಣ್ಣಿನಿಂದ ಹುಟ್ಟಿದ ಮಾತುಗಳಲ್ಲ, ಬರಿಯ ಸೋಮಾರಿತನದವು.

ಈ ಭಾಷೆಗೆ ಒಂದು ಗ್ರಂಥವೂ ಉಂಟು. ಎಂಜಿನಿಯರ್ ಕೆಲಸ ಬಿಟ್ಟು ಬಂದ ಜಾನ್ ಮ್ಯೂರ್ ಎಂಬವರು ೧೯೬೯ರಲ್ಲಿ ಅಮೆರಿಕದ ಸ್ಯಾಂಟಾ ಫೆಯಲ್ಲಿ ಈ ಕಾರಿನ ರಿಪೇರಿಯ ಕೈಪಿಡಿಯೊಂದನ್ನು ಪ್ರಕಟಿಸಿದರು. ಪೀಟರ್ ಆಶ್ವಾಂಡನ್ ಅದಕ್ಕೆ ಚಿತ್ರ ಬರೆದರು. ಹೆಸರಿನಲ್ಲಿಯೇ ಅದರ ತತ್ತ್ವವಿದೆ: ಫೋಕ್ಸ್‌ವ್ಯಾಗನ್ನನ್ನು 'ಜೀವಂತವಾಗಿ' ಇರಿಸಿಕೊಳ್ಳುವುದು ಹೇಗೆ ಎಂದು, ಅದೂ 'ಸಂಪೂರ್ಣ ಮೂಢ'ನಿಗಾಗಿ. ಅಭಿಮಾನಿಗಳು ಅದನ್ನು ಪ್ರೀತಿಯಿಂದ 'ಮೂಢನ ಪುಸ್ತಕ'ವೆಂದೇ ಕರೆಯುತ್ತಾರೆ. ಸ್ಪ್ಯಾನರ್ ಹಿಡಿದು ಅರಿಯದವನ ಪಕ್ಕದಲ್ಲಿ ಕುಳಿತು ಮಾತನಾಡುವ ಧಾಟಿ ಅದರದು. ಕಾರನ್ನು ಪ್ರಾಣಿಯೆಂದು ಕರೆದ ಜನ ಅದನ್ನು ಸಾಕುವ ವಿಧಾನವನ್ನೂ ಅದೇ ನುಡಿಯಲ್ಲಿ ಬರೆದುಕೊಂಡರು. ರೂಪಕ ಬಾಳಿಕೆಗೆ ಬರುವುದೆಂದರೆ ಹೀಗೆ.

ಆದರೆ ಕಾರುಗಳಿಗೆ ವಯಸ್ಸಾಗಿ ಬೆಲೆ ಏರಿದಂತೆ ಮಾತಿನ ಬಣ್ಣವೂ ಬದಲಾಯಿತು. ಕೊನೆಯ ಜೀರುಂಡೆ ಮೆಕ್ಸಿಕೋದ ಪುಯೆಬ್ಲ ಎಂಬಲ್ಲಿ ೨೦೦೩ರ ಜುಲೈ ೩೦ರಂದು ತಯಾರಾಯಿತು, ಅದು ೨,೧೫,೨೯,೪೬೪ನೆಯದು. ಇನ್ನು ಮುಂದೆ ಹುಟ್ಟುವುದಿಲ್ಲವೆಂದ ಮೇಲೆ ಇರುವುದಕ್ಕೆ ಕ್ರಯ ಹೆಚ್ಚು. 'ಹಳೆಯ ದಾಸ್ತಾನಿನ ಹೊಸ ಭಾಗ', 'ಸಂಖ್ಯೆ ತಾಳೆಯಾದದ್ದು', 'ಜನನ ಪತ್ರ' ಎಂಬ ಮಾತುಗಳು ಮುಂದಕ್ಕೆ ಬಂದವು. ಇವು ದಲ್ಲಾಳಿಯ ಮಾತುಗಳು. ಇವುಗಳಲ್ಲಿ ಚಿತ್ರವಿಲ್ಲ, ಕ್ರಯವಿದೆ. 'ಪಟಿನಾ' ಎಂಬ ಪದವನ್ನೇ ನೋಡಿ. ತಾಮ್ರದ ಮೇಲೆ ಕಾಲ ಹಚ್ಚುವ ಕಿಲುಬು ಅದು. ಬಿಸಿಲು ಮಳೆಗೆ ಬಣ್ಣ ಮಾಸಿದ ಕಾರನ್ನು ಹಾಗೆಯೇ ಗೌರವಿಸುವುದಕ್ಕೆ ಈ ಮಾತು ಬಂದಿತು. ಅಷ್ಟರಲ್ಲಿ ಕಿಲುಬಿಗೂ ಗಿರಾಕಿಗಳು ಹುಟ್ಟಿ, ಹೊಸ ಬಣ್ಣವನ್ನು ಉಜ್ಜಿ ಹಳತುಮಾಡುವ ಕುಶಲಕರ್ಮಿಗಳು ಬಂದರು. ಒಡನೆಯೇ ಅಭಿಮಾನಿಗಳ ಮಾತು ಸೇಡು ತೀರಿಸಿಕೊಂಡಿತು: ಹುಸಿ ಎಂಬರ್ಥದ 'ಫೋ' ಎಂಬ ಫ್ರೆಂಚ್ ಪದವನ್ನು ಜೋಡಿಸಿ 'ಫೋಟಿನಾ' ಎಂದು ಹಂಗಿಸಿತು. ತನ್ನೊಳಗಿನ ಕಪಟವನ್ನು ನೋಡಿ ತಾನೇ ನಗಬಲ್ಲ ಭಾಷೆ ಇನ್ನೂ ಸತ್ತಿಲ್ಲವೆಂದೇ ಹೇಳಬೇಕು.

ನನ್ನ ಮುಖ್ಯವಾದ ಆಕ್ಷೇಪಣೆ ಇರುವುದು ಬೇರೆಡೆ. ಕಿಟಕಿಯ ಪಟ್ಟಿಯನ್ನು ತಿಂಗಳ ಲೆಕ್ಕದಲ್ಲಿ ನೆನಪಿಟ್ಟಿರುವ ಈ ನುಡಿ, ಯುದ್ಧಕಾಲದ ಕಾರುಗಳನ್ನು ಹೆಸರಿಸುವಾಗ ಮಾತ್ರ ಹಳೆಯ ಅಂಕಿತಕ್ಕೆ ಮರಳುತ್ತದೆ. ಸಂಗ್ರಹಕಾರರು ಅವುಗಳನ್ನು 'ಕೆಡಿಎಫ್' ಎಂದೇ ಕರೆಯುತ್ತಾರೆ. ಅಪರೂಪದ ವಸ್ತುವಿನ ಗುರುತಾಗಿ, ಅರ್ಥವಿಲ್ಲದ ಮೂರಕ್ಷರವಾಗಿ. ಆ ವರ್ಷಗಳಲ್ಲಿ ಆ ಕಾರ್ಖಾನೆಯಲ್ಲಿ ಸುಮಾರು ೨೦,೦೦೦ ಮಂದಿ ಬಲಾತ್ಕಾರದ ದುಡಿಮೆಗೆ ಒಳಗಾದರು. ಯುದ್ಧ ಕೈದಿಗಳು, ಪರದೇಶಗಳಿಂದ ಹಿಡಿದು ತಂದವರು, ಸೆರೆಶಿಬಿರಗಳ ಬಂದಿಗಳು ಅವರಲ್ಲಿದ್ದರು. ಇತಿಹಾಸಕಾರ ಹಾನ್ಸ್ ಮೊಮ್ಸೆನ್ ಮತ್ತು ಮಾನ್‌ಫ್ರೆಡ್ ಗ್ರೀಗರ್ ೧೯೯೬ರಲ್ಲಿ ಇದನ್ನೆಲ್ಲ ದೊಡ್ಡ ಗ್ರಂಥವಾಗಿ ಬರೆದರು. ೧೯೯೯ರಲ್ಲಿ ಕಾರ್ಖಾನೆಯೊಳಗಿನ ಹಳೆಯ ಬಾಂಬ್ ಆಸರೆಯಲ್ಲಿ ಸ್ಮಾರಕ ಪ್ರದರ್ಶನವೊಂದು ಆರಂಭವಾಯಿತು. ಕಂಪನಿ ನೆನೆದದ್ದನ್ನು ಅಭಿಮಾನಿಗಳ ನುಡಿ ನೆನೆಯಲಿಲ್ಲ. ಪೋಪರ ಮೂಗಿಗೆ ಹೆಸರುಂಟು; ಆ ಇಪ್ಪತ್ತು ಸಾವಿರ ಕೈಗಳಿಗೆ ಆ ಕೋಶದಲ್ಲಿ ಒಂದು ಪದವೂ ಇಲ್ಲ.

ಇದು ಅವರ ದೋಷ ಮಾತ್ರವೇ ಎಂದು ಕೇಳಿಕೊಂಡರೆ ನಾವೂ ತಲೆತಗ್ಗಿಸಬೇಕಾಗುತ್ತದೆ. ಪ್ರೀತಿಯಿಂದ ಹುಟ್ಟಿದ ಹೆಸರು ವಸ್ತುವನ್ನು ಎದೆಗೆ ಹತ್ತಿರ ತರುತ್ತದೆ, ಅದರ ಚರಿತ್ರೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಬದಲಿ ಚಕ್ರಕ್ಕೆ 'ಸ್ಟೆಪ್ನಿ' ಎನ್ನುತ್ತೇವೆ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ವೇಲ್ಸಿನ ಲನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಆ ಚಕ್ರ ತಯಾರಾಗುತ್ತಿತ್ತು. ಬೀದಿ ಮರೆತುಹೋಗಿದೆ, ಹೆಸರು ನಮ್ಮಲ್ಲಿ ಉಳಿದಿದೆ. ಕಾರಿನ ಹಿಂದಿನ ಗೂಡಿಗೆ 'ಡಿಕ್ಕಿ' ಎನ್ನುತ್ತೇವೆ, ಎದುರು ಬಂದ ಬಸ್ಸಿಗೆ ಹೊಡೆಯುವುದಕ್ಕೂ ಡಿಕ್ಕಿಯೆನ್ನುತ್ತೇವೆ. ಜೀರುಂಡೆ ಕಾರಿಗಾದರೋ ಡಿಕ್ಕಿಯಿರುವುದು ಮುಂದೆ; ಎರಡು ಅರ್ಥಗಳೂ ಅಲ್ಲಿ ಒಂದಾಗುವ ಅಪಾಯವಿದೆ! ಪರಿಭಾಷೆ ಮಾಡಲು ಕುಳಿತ ಪಂಡಿತರು ಯಾರೂ ಈ ಪದಗಳನ್ನು ಕೊಡಲಿಲ್ಲ, ಕಿತ್ತುಕೊಳ್ಳಲೂ ಆಗಲಿಲ್ಲ.

ಆದುದರಿಂದ ನನ್ನ ತೀರ್ಪು ಇಷ್ಟು. ಸರ್ವಾಧಿಕಾರಿಯ ಅಂಕಿತ ಏಳು ವರ್ಷ ಬಾಳಿತು. ಜನರ ಅನ್ವರ್ಥ ಕಾರ್ಖಾನೆ ನಿಂತ ಮೇಲೂ ಬಾಳಿದೆ. ಇದು ಸಂತೋಷಪಡಬೇಕಾದ ಗೆಲುವು. ಗೆದ್ದವರು ಸೋತ ಹೆಸರಿನ ಅರ್ಥವನ್ನು ಮರೆತಿರುವುದೊಂದೇ ಅದರಲ್ಲಿರುವ ಊನ. ಮುಂದಿನ ವರ್ಷ ನಾಮಪದದ ಪಾಠಕ್ಕೆ ಬಂದಾಗ ಕುಂಟ, ವ್ಯಾಪಾರಿಗಳನ್ನು ಬಿಟ್ಟು ಈ ಕಾರಿನ ಕಥೆಯನ್ನೇ ಹೇಳಬೇಕೆಂದಿದ್ದೇನೆ. ಬೀಟಲ್ ಎಂದಾಗ ಹುಡುಗರು ನಗುತ್ತಾರೆ. ಕೆಡಿಎಫ್ ಎಂಬ ಮೂರಕ್ಷರವನ್ನು ಬಿಡಿಸಿ ಹೇಳಿದಾಗ ಸುಮ್ಮನಾಗುತ್ತಾರೆ. ಎರಡೂ ಆಗಬೇಕು.