‘ಜಲಜನಕೀಕರಣ’ ಶಬ್ದವಿಚಾರ

ರಸಾಯನಶಾಸ್ತ್ರವನ್ನು ಕನ್ನಡದಲ್ಲಿ ಬರೆಯುವವರು ‘ಜಲಜನಕೀಕರಣ’ವೆಂಬ ಶಬ್ದವನ್ನು ನಿಶ್ಶಂಕೆಯಿಂದ ಪ್ರಯೋಗಿಸುತ್ತಿರುವರು. ವ್ಯಾಕರಣದೃಷ್ಟಿಯಿಂದ ಅದು ಹೇಳಬೇಕಾದುದಕ್ಕೆ ವಿಪರೀತವಾದ ಅರ್ಥವನ್ನೇ ಕೊಡುತ್ತದೆ. ಚ್ವಿಪ್ರತ್ಯಯವು, ಮೊದಲು ಹಾಗಿಲ್ಲದುದು ಹಾಗಾಗುವುದನ್ನು ಬೋಧಿಸತಕ್ಕುದು. ಶುಕ್ಲವಲ್ಲದುದನ್ನು ಶುಕ್ಲವನ್ನಾಗಿ ಮಾಡುವುದು ಶುಕ್ಲೀಕರಣ. ದ್ರವವನ್ನು ಘನವನ್ನಾಗಿ ಮಾಡುವುದು ಘನೀಕರಣ. ಈ ನ್ಯಾಯದಂತೆ ‘ಎಣ್ಣೆಯ ಜಲಜನಕೀಕರಣ’ವೆಂದರೆ ಎಣ್ಣೆಯನ್ನೇ ಜಲಜನಕವನ್ನಾಗಿ ಮಾಡುವುದೆಂದಾಯಿತು!

ನಡೆಯುವುದಾದರೋ ಬೇರೆ. ಎಣ್ಣೆಯ ಅಣುವಿನಲ್ಲಿ ಇಂಗಾಲದ ಪರಮಾಣುಗಳ ನಡುವಣ ದ್ವಿಬಂಧವು, ನಿಕಲ್ ಲೋಹದ ಮೇಲ್ಮೈಯಲ್ಲಿ ಜಲಜನಕದ ಎರಡು ಪರಮಾಣುಗಳನ್ನು ಸ್ವೀಕರಿಸಿ ಏಕಬಂಧವಾಗುತ್ತದೆ, ಎಣ್ಣೆಯು ಗಟ್ಟಿಯಾಗುತ್ತದೆ. ಜರ್ಮನಿಯ ನಾರ್ಮನ್ 1902ರಲ್ಲಿ ಪೇಟೆಂಟು ಕೋರಿದುದು ಈ ಕ್ರಮಕ್ಕೇ. ನಮ್ಮ ಅಡಿಗೆಮನೆಗಳಿಗೆ ವನಸ್ಪತಿ ಬಂದುದೂ ಈ ದಾರಿಯಿಂದಲೇ. ಇದಕ್ಕೆ ‘ಜಲಜನಕಯೋಗ’ವೆಂದರೆ ಸಾಲದೆ? ರೂಢಿಯು ಅವಯವಾರ್ಥವನ್ನು ಮೀರುವುದೆಂಬ ಸಮಾಧಾನ ಇಲ್ಲಿ ಸಲ್ಲದು. ಎಣ್ಣೆಯ ಘನೀಕರಣವನ್ನೂ ಜಲಜನಕೀಕರಣವನ್ನೂ ಒಂದೇ ಪುಟದಲ್ಲಿ ಓದುವ ವಿದ್ಯಾರ್ಥಿಗೆ ಒಂದೇ ಪ್ರತ್ಯಯವು ಎರಡು ಕಡೆ ಎರಡು ಅರ್ಥ ಕೊಡುವುದನ್ನು ಯಾವ ಉಪಾಧ್ಯಾಯನು ವಿವರಿಸಿಯಾನು?

‘ವೇಗವರ್ಧಕ’ದ ವಿಷಯ ಇಷ್ಟು ಕೆಟ್ಟದ್ದಲ್ಲ. ಓಸ್ಟ್‌ವಾಲ್ಡನು ವೇಗವನ್ನೇ ಲಕ್ಷಣವಾಗಿ ಹಿಡಿದಿದ್ದನು. ಆದರೆ 1952ರಲ್ಲಿ ಲಿಂಡ್ಲರನು ಪ್ರಕಟಿಸಿದ ಪಲೇಡಿಯಮ್ ದ್ರವ್ಯವನ್ನು ನೋಡಬೇಕು. ಸೀಸದಿಂದ ಅದರ ಶಕ್ತಿಯನ್ನು ಬೇಕೆಂದೇ ಕುಗ್ಗಿಸಿದೆ. ತ್ರಿಬಂಧವನ್ನು ದ್ವಿಬಂಧದವರೆಗೆ ತಂದು ಅಲ್ಲಿಯೇ ನಿಲ್ಲಿಸುವುದು ಅದರ ಹೆಚ್ಚಳ. ನಿಲ್ಲಿಸುವ ಜಾಣ್ಮೆಗೆ ಪ್ರಸಿದ್ಧವಾದುದನ್ನು ವೇಗದಿಂದ ಹೆಸರಿಸುವುದು ಗುಣದ ಏಕದೇಶವನ್ನು ಹೇಳಿದಂತೆ. ಆದರೂ ಶಬ್ದವು ಎಲ್ಲವನ್ನೂ ಹೇಳಬೇಕೆಂಬ ನಿಯಮವಿಲ್ಲ, ವಿಪರೀತವನ್ನು ಹೇಳಬಾರದಷ್ಟೆ. ಇದು ಉಳಿಯಲಿ.

‘ನಿರಂತರ ಪ್ರವಾಹ’ವೆಂಬ ಹೊಸ ಪದವಾದರೋ ಸಂಸ್ಕೃತದಲ್ಲಿ ಸಾಧು, ಕನ್ನಡದಲ್ಲಿ ಅಪಾಯಕರ. ಕನ್ನಡಿಗನ ಕಿವಿಗೆ ಪ್ರವಾಹವೆಂದರೆ ಹೊಳೆ ಉಕ್ಕಿ ಊರು ಮುಳುಗುವುದು. ಇಲ್ಲಿಯದು ಪ್ರಯೋಗಶಾಲೆಯ ಸಣ್ಣ ನಳಿಕೆ. ಹಳೆಯ ಕ್ರಮದಲ್ಲಿ ಲೋಹದ ಪುಡಿಯನ್ನು ಪಾತ್ರೆಯ ದ್ರಾವಣದಲ್ಲಿ ಕಲಕಿ, ಒತ್ತಡದಲ್ಲಿ ಜಲಜನಕವನ್ನು ತುಂಬಿ, ಕಡೆಗೆ ಸೋಸಬೇಕು. ಸೋಸುವಾಗ ಗಾಳಿ ತಗುಲಿದ ಪುಡಿಗೆ ಬೆಂಕಿ ಹೊತ್ತಿಕೊಳ್ಳುವುದುಂಟು. ಹೊಸ ಕ್ರಮದಲ್ಲಿ ಲೋಹವು ನಳಿಕೆಯೊಳಗೆ ಅಡಕವಾಗಿ ಕುಳಿತಿರುತ್ತದೆ. ದ್ರಾವಣವೂ ಜಲಜನಕವೂ ಅದನ್ನು ಹಾಯ್ದು ಹೋಗುತ್ತವೆ. ಸೋಸುವ ಕೆಲಸವಿಲ್ಲ, ಯಾವ ಕ್ಷಣದಲ್ಲಿಯೂ ಒಳಗಿರುವ ಅನಿಲ ಅತ್ಯಲ್ಪ. ಇದಕ್ಕೆ ‘ಧಾರಾವಿಧಾನ’ವೆಂಬ ಹೆಸರು ಒಪ್ಪುತ್ತದೆ, ಹಳೆಯದಕ್ಕೆ ‘ಘಟವಿಧಾನ’. ಎಡೆಬಿಡದುದಕ್ಕೆ ತೈಲಧಾರೆಯ ಉಪಮಾನವು ನಮ್ಮಲ್ಲಿ ಸಿದ್ಧವಾಗಿಯೇ ಇರುವುದರಿಂದ ‘ನಿರಂತರ’ವೆಂಬ ವಿಶೇಷಣವೂ ಬೇಕಿಲ್ಲ. ಧಾರೆಯು ಈ ವಿದ್ಯೆಗೆ ಹೊಸದೂ ಅಲ್ಲ; 1897ರಲ್ಲಿ ಸಬಾತಿಯೇ ಮತ್ತು ಸಾಂದರಾಂ ಎಥಿಲೀನನ್ನೂ ಜಲಜನಕವನ್ನೂ ನಿಕಲ್ಲಿನ ಮೇಲೆ ಹಾಯಿಸಿಯೇ ಈಥೇನನ್ನು ಪಡೆದರು.