ಕುರ್ಚಿಯ ಹಿಂದೆ ನಿಂತವರು

ಇಂಗ್ಲೆಂಡಿನ ಒಂದು ರಾಕ್ ತಂಡ, ಅದರ ಅಭಿಮಾನಿಗಳು, ಅವರನ್ನು ತೋರಿಸಿದ ಟೀವಿ, ಇದರ ಬಗ್ಗೆ ಬರೆಯುತ್ತೇವೆ ಅಂದಾಗ ನಮ್ಮ ಗೆಳೆಯನೊಬ್ಬ ನಕ್ಕ. 'ಅವರ ಗಿಟಾರು ಕಟ್ಟಿಕೊಂಡು ನಮಗೇನಾಗಬೇಕಯ್ಯ, ನಮ್ಮ ತಮಟೆ ಇಲ್ವ?' ಅಂದ. ತಮಟೆ ಇದೆ, ಎಲ್ಲೂ ಹೋಗಿಲ್ಲ. ಆದರೆ ಹಾಸ್ಟೆಲಿನ ಕೋಣೆಯಲ್ಲಿ ಒಂದೇ ಫೋನಿನ ಮೇಲೆ ನಾಲ್ಕು ತಲೆ ಬಗ್ಗಿಸಿಕೊಂಡು ನಾವು ಆ ತುಣುಕನ್ನು ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ. ಮೂರು ನಿಮಿಷ ಕೂಡ ಇಲ್ಲದ ತುಣುಕು. ಅದರಲ್ಲಿ ನಮಗೆ ಗುರುತಿನ ಮುಖವೊಂದು ಕಂಡಿತು. ಹುಡುಗರದಲ್ಲ, ಪ್ರಶ್ನೆ ಕೇಳುವವನದು.

ತಂಡದ ಹೆಸರು ಸೆಕ್ಸ್ ಪಿಸ್ಟಲ್ಸ್. 1976ರ ಡಿಸೆಂಬರ್ 1ರ ಸಂಜೆ. ಲಂಡನ್ನಿನ ಥೇಮ್ಸ್ ಟೆಲಿವಿಷನ್ನಿನ 'ಟುಡೇ' ಕಾರ್ಯಕ್ರಮ. ಜನ ಕೆಲಸದಿಂದ ಮನೆಗೆ ಬಂದು, ಮಕ್ಕಳನ್ನು ಪಕ್ಕ ಕೂರಿಸಿಕೊಂಡು, ಟೀ ಕುಡಿಯುತ್ತ ನೋಡುವ ಹೊತ್ತು. ಅವತ್ತು ಬರಬೇಕಾಗಿದ್ದದ್ದು ಕ್ವೀನ್ ತಂಡ. ಅವರಿಗೆ ಆಗಲಿಲ್ಲ. ಎರಡೂ ತಂಡಗಳು ಇಎಂಐ ಎಂಬ ಒಂದೇ ರೆಕಾರ್ಡ್ ಕಂಪನಿಯವು, ಆದ್ದರಿಂದ ಕೊನೇ ಗಳಿಗೆಯಲ್ಲಿ ಈ ಹುಡುಗರನ್ನು ಕಾರು ಹತ್ತಿಸಿ ಕಳಿಸಿದರು. ನಾಲ್ವರು ಕುರ್ಚಿಯಲ್ಲಿ ಕೂತರು. ಅವರ ಜೊತೆ ಬಂದ ಅಭಿಮಾನಿಗಳು ನಾಲ್ವರು, ಇಬ್ಬರು ಹುಡುಗಿಯರು ಇಬ್ಬರು ಹುಡುಗರು, ಕುರ್ಚಿಗಳ ಹಿಂದೆ ನಿಂತರು. ನಮ್ಮ ಮಾತು ಮುಖ್ಯವಾಗಿ ಈ ನಿಂತವರ ಬಗ್ಗೆ.

ಕೇಳುವವನು ಬಿಲ್ ಗ್ರಂಡಿ. ಐವತ್ತು ದಾಟಿದ, ಹೆಸರುವಾಸಿ ನಿರೂಪಕ. ಸಂಗೀತದ ಬಗ್ಗೆ ಒಂದೇ ಒಂದು ಪ್ರಶ್ನೆಯನ್ನೂ ನೆಟ್ಟಗೆ ಕೇಳಲಿಲ್ಲ. ಮೊದಲು ದುಡ್ಡಿನ ಲೆಕ್ಕ: ಕಂಪನಿ ಕೊಟ್ಟ 40,000 ಪೌಂಡು ಏನಾಯಿತು, ದುಡ್ಡು ಬೇಡ ಅನ್ನುವವರು ದುಡ್ಡು ಹೇಗೆ ತಗೊಂಡಿರಿ? ಬಡವರ ಮನೆ ಹುಡುಗನ ಕೈಗೆ ನಾಲ್ಕು ಕಾಸು ಬಂದ ಕೂಡಲೇ ಲೆಕ್ಕ ಕೇಳುವವರು ಎಲ್ಲ ದೇಶದಲ್ಲೂ ಇದ್ದಾರೆ ನೋಡಿ. ಆಮೇಲೆ ಬೀಥೋವನ್, ಮೊಜಾರ್ಟ್, ಬಾಖ್, ಬ್ರಾಮ್ಸ್ ಎಂದು ದೊಡ್ಡವರ ಹೆಸರುಗಳನ್ನು ಒಂದರ ಹಿಂದೊಂದು ಹೇಳಿ, ಇವರೆಲ್ಲ ಸತ್ತರಲ್ಲ ಅಂತ ಕೆಣಕಿದ. ಹಾಡುಗಾರ ಜಾನ್ ಲೈಡನ್ ಓ ಅವರೆಲ್ಲ ನಮ್ಮ ಆರಾಧ್ಯರು ಅಂತ ಅಣಕಿಸಿದ. ಅದೇ ಸರದಿಯಲ್ಲಿ ತುಟಿಯೊಳಗೇ ಒಂದು ಕೆಟ್ಟ ಮಾತು ಗೊಣಗಿದ. ಗೊಣಗಿ ತಾನೇ ನಾಚಿದವನಂತೆ ಏನಿಲ್ಲ, ಮುಂದಿನ ಪ್ರಶ್ನೆ ಕೇಳಿ ಅಂದ. ಗ್ರಂಡಿ ಬಿಡಲಿಲ್ಲ. ಏನಂದೆ, ಇನ್ನೊಂದು ಸಲ ಹೇಳು ಅಂತ ಹಿಡಿದ. ಹುಡುಗ ಹೇಳಿದ. ಅಯ್ಯೋ ಹೆದರಿಬಿಟ್ಟೆ ಕಣಪ್ಪ ಅನ್ನುವ ಧಾಟಿಯಲ್ಲಿ ಅವನು ನಕ್ಕ.

ಇದು ನಮಗೆ ಗೊತ್ತಿರುವ ನಗು. ತರಗತಿಯಲ್ಲಿ ನಮ್ಮ ಬಾಯಿಂದ ಹಟ್ಟಿಯ ಮಾತೊಂದು ಜಾರಿದಾಗ, ಎದ್ದು ನಿಲ್ಲಿಸಿ, ಎಲ್ಲರೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿಸಿ ನಗುವ ಮೇಷ್ಟರ ನಗು.

ಆಮೇಲೆ ಅವನು ಹಿಂದೆ ನಿಂತ ಹುಡುಗಿಯರ ಕಡೆ ತಿರುಗಿದ. ಸೂಸಿ ಸೂ ಎಂದು ಆಮೇಲೆ ಹೆಸರಾದವಳು ಅಲ್ಲಿದ್ದಳು, ಆಗ 19 ವರ್ಷ. ನಿಮ್ಮನ್ನು ಭೇಟಿ ಮಾಡಬೇಕು ಅಂತ ಯಾವಾಗಲೂ ಆಸೆ ಇತ್ತು ಎಂದು ಗೇಲಿ ಮಾಡಿದಳು. ಹಾಗಾದರೆ ಕಾರ್ಯಕ್ರಮ ಮುಗಿದ ಮೇಲೆ ಸಿಗೋಣವಾ ಎಂದ ಗ್ರಂಡಿ. ಗಿಟಾರಿನ ಸ್ಟೀವ್ ಜೋನ್ಸ್ ಸಿಡಿದ. ಕೊಳಕು ಮುದುಕ ಅಂದ. ಗ್ರಂಡಿ ನಿಲ್ಲಿಸಿದನೇ? ಇಲ್ಲ. ಇನ್ನೂ ಐದು ಸೆಕೆಂಡಿದೆ, ಇನ್ನೇನಾದರೂ ಘೋರವಾದದ್ದು ಹೇಳು ಅಂತ ಹುರಿದುಂಬಿಸಿದ. ಜೋನ್ಸ್ ಹೇಳಿದ. ಇಂಗ್ಲಿಷಿನ ಪೋಲಿ ಮಾತುಗಳೆಲ್ಲ ಲಂಡನ್ನಿನ ನಡುಮನೆಗಳಿಗೆ ನೇರ ಪ್ರಸಾರವಾದವು.

ಜೋನ್ಸ್ ಶೆಫರ್ಡ್ಸ್ ಬುಷ್ ಕಡೆಯ ಹುಡುಗ. ಓದು ಬರಹ ನೆಟ್ಟಗೆ ಬರುತ್ತಿರಲಿಲ್ಲ ಎಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಲೈಡನ್ ಐರ್ಲೆಂಡಿನಿಂದ ಕೂಲಿಗೆ ಬಂದವರ ಮಗ. ಅವರು ಬೈದದ್ದು ಅವರ ಬೀದಿಯ ಭಾಷೆಯಲ್ಲಿ. ಮರುದಿನ ಡೈಲಿ ಮಿರರ್ ಪತ್ರಿಕೆ ಮುಖಪುಟದಲ್ಲಿ 'ದಿ ಫಿಲ್ತ್ ಅಂಡ್ ದಿ ಫ್ಯೂರಿ' ಎಂದು ಅಚ್ಚು ಹಾಕಿತು. ಹೊಲಸು ಅಂದದ್ದು ಯಾವುದಕ್ಕೆ? ಹುಡುಗನ ನಾಲಿಗೆಗೆ. ಹಿಂದೆ ನಿಂತ ಹುಡುಗಿಯನ್ನು ಕೋಟ್ಯಂತರ ಬೆಲೆಯ ಯಂತ್ರದ ಮುಂದೆ ಕರೆದ ಗಂಡಸಿನ ನಾಲಿಗೆ ಆ ತಲೆಬರಹದಲ್ಲಿ ಇರಲಿಲ್ಲ. ಗ್ರಂಡಿಯನ್ನು ಚಾನೆಲ್ಲಿನವರು ಎರಡು ವಾರ ಅಮಾನತು ಮಾಡಿದರು, ನಿಜ. ಅದು ಬೈಗುಳಕ್ಕೆ ಆಸ್ಪದ ಕೊಟ್ಟನೆಂದು. ನಮ್ಮಲ್ಲೂ 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗ ಇದೇನು ಭಾಷೆ ಎಂದು ಮೂಗು ಮುರಿದವರಿದ್ದರು. ಆ ಭಾಷೆ ಯಾವ ಏಟಿಗೆ ಉತ್ತರ ಎಂಬುದು ಅವರಿಗೂ ಬೇಕಿರಲಿಲ್ಲ.

ಇಲ್ಲೊಂದು ಸಂಗತಿ ಮರೆಯಬಾರದು. 'ಟುಡೇ' ಲಂಡನ್ ಸುತ್ತಮುತ್ತ ಮಾತ್ರ ಕಾಣುತ್ತಿದ್ದ ಕಾರ್ಯಕ್ರಮ. ಲೀಡ್ಸಿನವರು, ಮ್ಯಾಂಚೆಸ್ಟರಿನವರು, ವೇಲ್ಸಿನವರು ಅದನ್ನು ನೋಡಿಯೇ ಇರಲಿಲ್ಲ. ಪತ್ರಿಕೆ ಓದಿ ರೊಚ್ಚಿಗೆದ್ದರು. ಸುಮಾರು ಇಪ್ಪತ್ತು ಕಡೆ ಗೊತ್ತಾಗಿದ್ದ ಕಛೇರಿಗಳಲ್ಲಿ ನಡೆದದ್ದು ಬೆರಳೆಣಿಕೆಯಷ್ಟು. ಡರ್ಬಿ ಊರಿನ ಕೌನ್ಸಿಲರುಗಳು ಮೊದಲು ನಮ್ಮ ಮುಂದೆ ಬಾರಿಸಿ ತೋರಿಸಿ, ಆಮೇಲೆ ಒಪ್ಪಿಗೆ ಕೊಡುತ್ತೇವೆ ಅಂದರು. ಹುಡುಗರು ಹೋಗಲಿಲ್ಲ, ಒಳ್ಳೇದೇ ಮಾಡಿದರು. ಡಿಸೆಂಬರ್ 14ರಂದು ವೇಲ್ಸಿನ ಕೇರ್ಫಿಲಿಯಲ್ಲಿ ಸಿನಿಮಾ ಟಾಕೀಸಿನೊಳಗೆ ತಂಡ ಬಾರಿಸುತ್ತಿದ್ದರೆ ಹೊರಗೆ ಚಳಿಯಲ್ಲಿ ಊರಿನ ಭಕ್ತರು ಕ್ರಿಸ್ಮಸ್ ಹಾಡು ಹೇಳುತ್ತ ನಿಂತಿದ್ದರು. ನಾರ್ವಿಚ್ಚಿನ ವಿಶ್ವವಿದ್ಯಾಲಯದಲ್ಲಿ ಕುಲಪತಿ ಕಾರ್ಯಕ್ರಮ ರದ್ದು ಮಾಡಿದಾಗ ವಿದ್ಯಾರ್ಥಿಗಳು ಧರಣಿ ಕೂತರು. 1977ರ ಜನವರಿಯಲ್ಲಿ ಇಎಂಐ ಒಪ್ಪಂದ ಹರಿದು ಹಾಕಿತು.

ಎದುರು ನಿಂತವರೆಲ್ಲ ಸಿರಿವಂತರು ಅಂತ ಬರೆದುಬಿಟ್ಟರೆ ನಮಗೆ ಅನುಕೂಲ. ಆದರೆ ಹಾಗಿಲ್ಲ. ಆ ಸಂಜೆ ತನ್ನ ಎಂಟು ವರ್ಷದ ಮಗ ಈ ಮಾತು ಕೇಳಿಸಿಕೊಂಡನಲ್ಲ ಅಂತ ಸಿಟ್ಟಾಗಿ 380 ಪೌಂಡಿನ ಹೊಸ ಟೀವಿಯನ್ನೇ ಒದ್ದು ಒಡೆದವನು ಒಬ್ಬ ಲಾರಿ ಡ್ರೈವರ್. ಹೇಯ್ಸ್‌ನಲ್ಲಿದ್ದ ಇಎಂಐ ಕಾರ್ಖಾನೆಯಲ್ಲಿ ಈ ತಂಡದ ರೆಕಾರ್ಡನ್ನು ನಾವು ಪ್ಯಾಕ್ ಮಾಡಲ್ಲ ಅಂತ ಕೈಕಟ್ಟಿದವರು ಕೂಲಿ ಹೆಂಗಸರು. ದುಡಿಯುವವರ ಮಕ್ಕಳ ಹಾಡನ್ನು ದುಡಿಯುವವರೇ ತಡೆದರು. ನಮ್ಮ ಕೆಲವು ಗೆಳೆಯರು ಇದನ್ನು 'ಹುಸಿ ಪ್ರಜ್ಞೆ' ಎಂಬ ಒಂದು ಪದದಲ್ಲಿ ಮುಗಿಸುತ್ತಾರೆ. ನಾವು ಮುಗಿಸಲಾರೆವು. ನಮ್ಮ ಅವ್ವಂದಿರೂ ನಮ್ಮ ಕೆಲವು ಪದ್ಯ ಕೇಳಿ ಥೂ ಇದೇನ್ಲಾ ಅಂತ ಎದ್ದು ಹೋಗಿದ್ದಾರೆ. ಜೀವನವಿಡೀ ಬೈಸಿಕೊಂಡವರಿಗೆ ಮನೆಯೊಳಗಾದರೂ ಬೈಗುಳ ಬೇಡ ಅನ್ನಿಸುವುದು ಸಣ್ಣ ಮಾತಲ್ಲ.

ಈಗ ಅಭಿಮಾನಿಗಳಿಗೆ ಬರೋಣ. ಗ್ರಂಡಿಗೆ ಮೂರು ದಿನ ಮುಂಚೆ, ನವೆಂಬರ್ 28ರಂದು, ಲಂಡನ್ನಿನ ಇನ್ನೊಂದು ಟೀವಿ ಕಂಪನಿಗಾಗಿ ಜಾನೆಟ್ ಸ್ಟ್ರೀಟ್-ಪೋರ್ಟರ್ ಎಂಬ ಪತ್ರಕರ್ತೆ ಇದೇ ಹುಡುಗರ ಮೇಲೆ ಒಂದು ಕಾರ್ಯಕ್ರಮ ಮಾಡಿದ್ದಳು. ಅದರಲ್ಲಿ ಅಭಿಮಾನಿಗಳಿಗೂ ಮೈಕು ಸಿಕ್ಕಿತ್ತು, ನಿಮಗಿದು ಯಾಕೆ ಹಿಡಿಸಿತು ಅಂತ ಕೇಳಿ ಉತ್ತರಕ್ಕೆ ಕಾದಿದ್ದಳು. ಯಾರ ಮನೆಯ ಗಾಜೂ ಒಡೆಯಲಿಲ್ಲ, ಯಾರಿಗೂ ನೆನಪೂ ಉಳಿಯಲಿಲ್ಲ. ಗ್ರಂಡಿಯ ತುಣುಕು ಉಳಿಯಿತು. ಅದರಲ್ಲಿ ನಿಂತವರು ಬರೀ ಬಣ್ಣದ ಕೂದಲು, ಗೋಡೆಗೆ ತೂಗುಹಾಕಿದ ಚಿತ್ರದ ಹಾಗೆ.

ಆ ಚಿತ್ರ ನೋಡಿ, ಪತ್ರಿಕೆ ಓದಿ, ಹೊಸ ಅಭಿಮಾನಿಗಳು ಬಂದರು. ಮೂಗಿಗೆ ಪಿನ್ನು ಚುಚ್ಚಿಕೊಂಡು, ವೇದಿಕೆಯ ಮೇಲೆ ಇದ್ದವರಿಗೆ ಉಗಿಯುತ್ತ. ಪತ್ರಿಕೆ ಹೇಳಿದ್ದನ್ನು ಅಕ್ಷರಶಃ ಪಾಲಿಸಿದರು. ಮೊದಲಿಂದ ಇದ್ದವರಲ್ಲಿ ಹಲವರಿಗೆ ಅವತ್ತಿಗೇ ತಮ್ಮದು ಮುಗಿಯಿತು ಅನ್ನಿಸಿತಂತೆ. ಅಲ್ಲಿಯವರೆಗೆ ಬರೀ ಸಂಗೀತವಿತ್ತು, ಮಾರನೇ ದಿನದಿಂದ ಬರೀ ಮಾಧ್ಯಮ, ಎಂಬರ್ಥದಲ್ಲಿ ಜೋನ್ಸನೇ ಹೇಳಿದ್ದಾನೆ.

ಆದರೆ ಇನ್ನೊಂದು ರೀತಿಯ ಅಭಿಮಾನಿಯೂ ಇದ್ದ. ಮಾರ್ಕ್ ಪೆರ್ರಿ, ಡೆಪ್ಟ್‌ಫರ್ಡಿನವನು, ಬ್ಯಾಂಕಿನಲ್ಲಿ ಗುಮಾಸ್ತ. ಇದೆಲ್ಲ ಆಗುವುದಕ್ಕೆ ಮೊದಲೇ, 1976ರ ಜುಲೈಯಲ್ಲಿ 'ಸ್ನಿಫಿನ್ ಗ್ಲೂ' ಎಂಬ ಪತ್ರಿಕೆ ತಂದ. ಮಕ್ಕಳ ಟೈಪ್‌ರೈಟರಿನಲ್ಲಿ ಕುಟ್ಟಿದ್ದು, ತಲೆಬರಹ ಕೈಬರಹದಲ್ಲಿ ದಪ್ಪ ಪೆನ್ನಿನಿಂದ ಗೀಚಿದ್ದು, ಮೂಲೆಗೊಂದು ಪಿನ್ನು ಹೊಡೆದದ್ದು. ಕಾಗುಣಿತದ ತಪ್ಪನ್ನು ಹೊಡೆದು ಹಾಕಿ ಹಾಗೇ ಬಿಟ್ಟದ್ದು. ನಮ್ಮ ಸೈಕ್ಲೋಸ್ಟೈಲ್ ಪತ್ರಿಕೆಗಳ ಹಳೇ ಸಂಚಿಕೆ ನೋಡಿದವರಿಗೆ ಇದನ್ನು ವರ್ಣಿಸುವುದೇ ಬೇಡ. ಮೊದಲ ಸಂಚಿಕೆ 50 ಪ್ರತಿ. ಒಂದು ವರ್ಷದೊಳಗೆ ಸಾವಿರಗಟ್ಟಲೆ. ಹೆಸರು ಬಂತು, ಮುಂದುವರಿಸಬಹುದಿತ್ತು. 1977ರಲ್ಲೇ ಅವನು ನಿಲ್ಲಿಸಿಬಿಟ್ಟ. ಅವನ ಸಿಟ್ಟು ಟೀವಿಯ ಮೇಲೆ ಮಾತ್ರ ಇರಲಿಲ್ಲ. ದಿ ಕ್ಲ್ಯಾಷ್ ತಂಡ ಸಿಬಿಎಸ್ ಕಂಪನಿಗೆ ಸಹಿ ಹಾಕಿದ ದಿನವೇ ಪಂಕ್ ಸತ್ತಿತು ಅಂದವನು ಅವನು. ತಾನು ಮೆಚ್ಚಿದವರನ್ನೇ ಹೀಗೆ ಹಿಡಿದು ನಿಲ್ಲಿಸಿ ಕೇಳುವ ಅಭಿಮಾನಿ ನಮಗೆ ಬೇಕು. ನಮ್ಮ ತಾರೆಯರ ಕಟೌಟಿಗೆ ಹಾಲು ಸುರಿಯುವ ಗೆಳೆಯರಿಗೆ ಇದನ್ನು ಯಾರಾದರೂ ಓದಿ ಹೇಳಿ.

ನಮ್ಮ ಹೊಗಳಿಕೆ ಇಲ್ಲಿಗೆ ನಿಲ್ಲಬೇಕು. ಯಾಕೆಂದರೆ ಆ ತುಣುಕನ್ನು ಐದನೆಯದೋ ಆರನೆಯದೋ ಸಲ ನೋಡುವಾಗ ನಮ್ಮಲ್ಲೊಬ್ಬ ಫೋನು ತಡೆದು ಬೆರಳು ತೋರಿಸಿದ. ಹಿಂದೆ ನಿಂತ ಹುಡುಗನೊಬ್ಬನ ತೋಳಿಗೆ ಸ್ವಸ್ತಿಕದ ಪಟ್ಟಿ. ನಮ್ಮೂರ ಹೊಸಿಲ ಮೇಲೆ ಬಿಡಿಸುವುದಲ್ಲ, ಹಿಟ್ಲರನದು. ಸೂಸಿಯೂ ಆ ವರ್ಷ ಅದನ್ನು ತೊಟ್ಟು ಪ್ಯಾರಿಸ್ಸಿಗೆ ಹೋಗಿ ಏಟು ತಿಂದಿದ್ದಳು. ದೊಡ್ಡವರನ್ನು ಕೆರಳಿಸೋಕೆ ಹಾಕಿಕೊಂಡೆವು ಅಂದರು ಆಮೇಲೆ. ಯಾರ ಚರ್ಮದ ಮೇಲೆ ಆ ಗುರುತು ಬರೆ ಎಳೆಯಿತೋ ಅವರನ್ನು ಕೇಳದೆ ಕೆರಳಿಸುವ ಆಟ ಆಡುವುದು ಬಂಡಾಯವಲ್ಲ, ಪುಂಡಾಟ. ಮತ್ತೆ ನೋಡಿ, ದೇಶವೇ ಬಾಯಿ ಬಡಿದುಕೊಂಡದ್ದು ನಾಲ್ಕು ಪೋಲಿ ಮಾತಿಗೆ. ತೋಳಿನ ಪಟ್ಟಿ ಮುಖಪುಟಕ್ಕೆ ಏರಲಿಲ್ಲ.

ಅದೇ 1976ರ ಆಗಸ್ಟ್ 5ರಂದು ಬರ್ಮಿಂಗ್‌ಹ್ಯಾಮಿನ ವೇದಿಕೆಯ ಮೇಲೆ ಎರಿಕ್ ಕ್ಲ್ಯಾಪ್ಟನ್ ಎಂಬ ಮಹಾ ಗಿಟಾರಿಗ, ವಲಸೆ ಬಂದವರನ್ನು ಓಡಿಸಬೇಕೆಂದು, ಈನಾಕ್ ಪವೆಲ್ ಎಂಬ ರಾಜಕಾರಣಿ ಹೇಳಿದ್ದೇ ಸರಿಯೆಂದು ಕುಡಿದು ಭಾಷಣ ಮಾಡಿದ್ದ. ಕಪ್ಪು ಹಾಡುಗಾರ ಬಾಬ್ ಮಾರ್ಲಿಯ ಹಾಡು ಹಾಡಿ ಅಮೆರಿಕಾದಲ್ಲಿ ಮೊದಲ ಸ್ಥಾನಕ್ಕೆ ಏರಿದವನು ಅವನು. ಅವನ ಕಛೇರಿಗಳನ್ನು ಸೆಕ್ಸ್ ಪಿಸ್ಟಲ್ಸರ ಕಛೇರಿಗಳ ಹಾಗೆ ಊರೂರಲ್ಲಿ ಯಾರೂ ರದ್ದು ಮಾಡಲಿಲ್ಲ. ಉತ್ತರ ಕೊಟ್ಟವರು ರೆಡ್ ಸೌಂಡರ್ಸ್ ಎಂಬ ಫೋಟೋಗ್ರಾಫರ್ ಮತ್ತು ಅವನ ಗೆಳೆಯರು. ನಿನ್ನ ಅರ್ಧ ಸಂಗೀತ ಕಪ್ಪು ಜನರದು ಎಂದು ಸಂಗೀತದ ವಾರಪತ್ರಿಕೆಗಳಿಗೆ ಕಾಗದ ಬರೆದರು. ಓದುಗರಿಂದ ನೂರಾರು ಉತ್ತರ ಬಂದವು. 'ರಾಕ್ ಎಗೇನ್‌ಸ್ಟ್ ರೇಸಿಸಂ' ಹುಟ್ಟಿದ್ದು ಆ ಕಾಗದದಿಂದ. 1978ರ ಏಪ್ರಿಲ್ 30ರಂದು ಟ್ರಫಾಲ್ಗರ್ ಚೌಕದಿಂದ ವಿಕ್ಟೋರಿಯಾ ಪಾರ್ಕಿಗೆ ಹತ್ತಾರು ಸಾವಿರ ಜನ ನಡೆದು ಹೋದರು. ಅಲ್ಲಿ ಕ್ಲ್ಯಾಷ್ ಬಾರಿಸಿತು, ಕಪ್ಪು ಹುಡುಗರ ಸ್ಟೀಲ್ ಪಲ್ಸ್ ಬಾರಿಸಿತು. ಟೀವಿಯ ಸ್ಟುಡಿಯೋದಲ್ಲಿ ಕುರ್ಚಿ ಸಿಗದವರು ಮೈದಾನದಲ್ಲಿ ನಿಂತರು.

ಸೂಸಿ? ಅವಳು ಹಿಂದೆ ನಿಂತೇ ಇರಲಿಲ್ಲ. ಪಕ್ಕ ನಿಂತಿದ್ದ ಸ್ಟೀವ್ ಸೆವೆರಿನ್ ಜೊತೆ ಸೇರಿ ಆಗಲೇ ಕಟ್ಟಿಕೊಂಡಿದ್ದ ತನ್ನ ತಂಡವನ್ನು ಗಟ್ಟಿ ಮಾಡಿದಳು. 1978ರಲ್ಲಿ ಅವರ ಮೊದಲ ರೆಕಾರ್ಡು 'ಹಾಂಗ್‌ಕಾಂಗ್ ಗಾರ್ಡನ್' ಬ್ರಿಟನ್ನಿನ ಮೊದಲ ಹತ್ತರೊಳಗೆ ಬಂತು. ಅದು ಅವಳ ಊರಿನ ಬೀದಿಯ ಒಂದು ಚೀನೀ ಊಟದಂಗಡಿಯ ಹೆಸರು. ಬೋಳುತಲೆಯ ಪುಂಡರು ಅಲ್ಲಿಗೆ ನುಗ್ಗಿ ಕೆಲಸದವರನ್ನು ಪೀಡಿಸುತ್ತಿದ್ದದ್ದನ್ನು ಕಂಡು, ಅವರಿಗಾಗಿ ಬರೆದೆ ಅಂದಿದ್ದಾಳೆ. ಸ್ವಸ್ತಿಕ ತೊಟ್ಟಿದ್ದವಳು ಎರಡು ವರ್ಷದಲ್ಲಿ ಅಲ್ಲಿಗೆ ಬಂದಳು. ಆದರೂ ಹಾಡಿನಲ್ಲಿ ಚೀನಿಯರು ಬಿಳಿಯರ ಕಣ್ಣಿಗೆ ಕಾಣುವ ಹಾಗೇ ಕಾಣುತ್ತಾರೆ ಎಂದು ನಮ್ಮ ಕೋಣೆಯಲ್ಲಿ ಜಗಳ ಹತ್ತಿತು. ಅಂಗಡಿಯ ಒಳಗೆ ಬಾಣಲೆ ಮುಂದೆ ನಿಂತಿದ್ದವನ ಮಾತು ಆ ಹಾಡಿನಲ್ಲಿ ಎಲ್ಲಿದೆ ಅಂತ ಒಬ್ಬ ಕೇಳಿದ. ನಾವು ಇನ್ನೊಮ್ಮೆ ಹಾಕಿ ಕೇಳಿದೆವು.