ಪ್ರಮಾಣಪತ್ರ ಹೇಳದ ಶಾಲೆಯ ದಿನ

ಅಂಗವೈಕಲ್ಯವಿರುವ ಮಗು ಶಾಲೆಗೆ ಬಂದರೆ ನಮ್ಮಲ್ಲಿ ಮೊದಲು ನೋಡುವುದು ಪ್ರಮಾಣಪತ್ರ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ಮಗುವಿನದು ಯಾವುದು, ಪ್ರಮಾಣ ಶೇಕಡಾ 40 ಮುಟ್ಟಿದೆಯೇ ಎಂಬುದರ ಮೇಲೆ ಹಲವು ಸೌಲಭ್ಯಗಳು ನಿಂತಿವೆ. ಹಕ್ಕು ಪಡೆಯಲು ಆ ಕಾಗದ ಬೇಕು, ನಿಜ. ಆದರೆ ಮಗು ತಟ್ಟೆ ಹಿಡಿದು ಬಿಸಿಯೂಟದ ಸಾಲಿಗೆ ಬರಬಲ್ಲದೇ, ಶೌಚಾಲಯಕ್ಕೆ ತಾನೇ ಹೋಗಬಲ್ಲದೇ, ಬಿಡುವಿನಲ್ಲಿ ಯಾರೊಡನೆ ಆಡುತ್ತದೆ ಎಂಬುದು ಅದರಲ್ಲಿ ಇರುವುದಿಲ್ಲ. ವೆಂಡಿ ಕಾಸ್ಟರ್ ಮತ್ತು ಸಂಗಡಿಗರು 1998ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ‘ಸ್ಕೂಲ್ ಫಂಕ್ಷನ್ ಅಸೆಸ್‌ಮೆಂಟ್’ ಎಂಬ ಮಾಪನ ಶುರುವಾಗುವುದೇ ಇಂಥ ಪ್ರಶ್ನೆಗಳಿಂದ. ತರಗತಿ, ಆಟದ ಬಯಲು, ಪ್ರಯಾಣ, ಶೌಚಾಲಯ, ಶಾಲೆಯೊಳಗಿನ ಓಡಾಟ, ಊಟ ಎಂಬ ಆರು ಸಂದರ್ಭಗಳಲ್ಲಿ ಮಗು ಎಷ್ಟು ಭಾಗಿಯಾಗುತ್ತಿದೆ ಎಂಬುದನ್ನು ಅದರ ಮೊದಲ ಭಾಗ ಕೇಳುತ್ತದೆ.

ಅದರ ನಿಜವಾದ ಹಿರಿಮೆ ಇರುವುದು ಎರಡನೆಯ ಭಾಗದಲ್ಲಿ. ಒಂದು ಕೆಲಸಕ್ಕೆ ಮಗುವಿಗೆ ದೊಡ್ಡವರ ನೆರವು ಎಷ್ಟು ಸಿಗುತ್ತಿದೆ, ಸಲಕರಣೆಯಲ್ಲೋ ಜಾಗದಲ್ಲೋ ಮಾರ್ಪಾಡು ಎಷ್ಟಾಗಿದೆ ಎಂಬುದನ್ನು ಅಲ್ಲಿ ಬೇರೆಬೇರೆಯಾಗಿ ದಾಖಲಿಸುತ್ತಾರೆ. ಹೀಗಾಗಿ ‘ಬರೆಯುವುದಿಲ್ಲ’ ಎಂದು ಷರಾ ಹಾಕಿ ಕೈತೊಳೆದುಕೊಳ್ಳಲು ಆಗದು. ನೆರವು ಬಹಳ, ಮಾರ್ಪಾಡು ಏನೂ ಇಲ್ಲ ಎಂದು ಕಂಡರೆ ಕೊರತೆ ಮಗುವಿನದೋ ಮೇಜಿನ ಎತ್ತರದ್ದೋ ಎಂದು ಕೇಳಲೇಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯ ಮತ್ತು ಅಂಗವೈಕಲ್ಯದ ಕುರಿತ 2001ರ ಐಸಿಎಫ್ ವರ್ಗೀಕರಣದಲ್ಲಿ ಭಾಗವಹಿಸುವಿಕೆಗೂ ಪರಿಸರಕ್ಕೂ ಮಹತ್ವ ಕೊಡುವ ಮೊದಲೇ ಈ ಮಾಪನ ಅದನ್ನು ಶಾಲೆಯಲ್ಲಿ ಮಾಡಿ ತೋರಿಸಿತ್ತು.

ಇದನ್ನು ತುಂಬುವ ಶಿಕ್ಷಕರ ಅಂದಾಜನ್ನು ಅಳತೆ ಎನ್ನಬಹುದೇ ಎಂಬ ಆಕ್ಷೇಪವಿದೆ. ಮಗುವನ್ನು ದಿನವೂ ನೋಡುವ ಹಲವರು ಸೇರಿ, ನಿಗದಿತ ಹಂತಗಳಿಗೆ ಹೊಂದಿಸಿ ಕೊಡುವ ತೀರ್ಪು ಅದು. ಪ್ರಮಾಣಪತ್ರದ ಶಿಬಿರದಲ್ಲಿ ಅಪರಿಚಿತರೆದುರು ಒಮ್ಮೆ ನಡೆಯುವ ತಪಾಸಣೆಗಿಂತ ದಿನಚರಿಯ ವಿಷಯದಲ್ಲಿ ಹೆಚ್ಚು ನಂಬಬಹುದು. ಈ ಮಾಪನ ಪರದೇಶದ್ದು ಎಂಬ ಮಾತಿನಲ್ಲಿ ಮಾತ್ರ ಹುರುಳಿದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವ, ಕುಕ್ಕರುಗಾಲಿನಲ್ಲಿ ಕೂರುವ ಶೌಚಾಲಯವಿರುವ ಶಾಲೆಗೆ ಬರೀ ಅನುವಾದ ಸಾಲದು, ಪ್ರಶ್ನೆಗಳನ್ನೇ ಹೊಸದಾಗಿ ಕಟ್ಟಬೇಕು. ಪುರುಸೊತ್ತಿಲ್ಲ ಎನ್ನುವ ಇಬ್ಬರೇ ಶಿಕ್ಷಕರ ಶಾಲೆ ಮೊದಲ ಭಾಗವನ್ನಷ್ಟೇ ತುಂಬಿದರೂ ಕೆಲಸ ಎಲ್ಲಿಂದ ಶುರುವಾಗಬೇಕೆಂದು ಗೊತ್ತಾಗುತ್ತದೆ. ನನ್ನ ತಕರಾರು ಬೇರೆ. ಇಡೀ ಮಾಪನವನ್ನು ತುಂಬುವವರು ದೊಡ್ಡವರು. ಮಗುವನ್ನು ಯಾರೂ ಕೇಳುವುದಿಲ್ಲ. ಕಬಡ್ಡಿಯ ಅಂಕ ಬರೆಯುತ್ತ ಅಂಚಿನಲ್ಲಿ ಕೂತ ಹುಡುಗಿ ಆಟದಲ್ಲಿ ಭಾಗಿಯಾಗಿದ್ದಾಳೆ ಎಂದು ಶಿಕ್ಷಕರು ಗುರುತು ಹಾಕಬಹುದು. ಅವಳಿಗೆ ಅಂಕಣಕ್ಕಿಳಿಯುವ ಆಸೆ ಇದೆಯೇ, ಇದ್ದರೆ ಯಾವ ನಿಯಮ ಸಡಿಲಿಸಬೇಕು ಎಂಬುದನ್ನು ಅವಳನ್ನೇ ಕೇಳಿ ಬರೆದುಕೊಳ್ಳುವ ಒಂದು ಪುಟ ಕನ್ನಡದ ಆವೃತ್ತಿಯಲ್ಲಿ ಮೊಟ್ಟಮೊದಲು ಸೇರಬೇಕು.